ಗಾಳಕ್ಕೆ ಕಟ್ಟಿದ್ದು ಸಿಗಡಿಯಲ್ಲ, ಕೋಳಿ ಗರಿ!

ಅಳಿವೆ ಬದಿಯಲ್ಲಿ ಗಾಳ ಹಾಕಿ ನಿಂತವರನ್ನು ಸಂಜೆ ಬಸ್ಸಿನ ಕಿಟಕಿಯಿಂದ ನೋಡದವರು ಕರಾವಳಿಯಲ್ಲಿ ಯಾರಿದ್ದಾರೆ? ಮೊಣಕಾಲವರೆಗೆ ಮಡಚಿದ ಪ್ಯಾಂಟು, ತಲೆಗೊಂದು ಟವೆಲು, ಕಾಲ ಬುಡದಲ್ಲಿ ಒಂದು ಪ್ಲಾಸ್ಟಿಕ್ ಚೀಲ. "ಏನಾದ್ರೂ ಸಿಕ್ತಾ ಮಾರಾಯ್ರೆ?" ಎಂದರೆ ಉತ್ತರ ಯಾವಾಗಲೂ ಒಂದೇ: "ಈಗ ಬಂದದ್ದಷ್ಟೆ." ಬಂದು ಮೂರು ಗಂಟೆ ಆಗಿರುತ್ತದೆ, ಅದು ಬೇರೆ ಮಾತು. ಆದರೆ ಕಾಲ ಬುಡದ ಚೀಲದಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಅದರಲ್ಲಿರುವುದು ಸಿಗಡಿ. ಮಾರ್ಕೆಟಿನಲ್ಲಿ ದುಡ್ಡು ಕೊಟ್ಟು ತಂದ, ಮನೆಯಲ್ಲಿ ಸಾರಿಗೆ ಬೀಳಬೇಕಾದ ಸಿಗಡಿ!

ತುಳುವಿನಲ್ಲಿ ಎಟ್ಟಿ, ಕುಂದಾಪುರದ ಕಡೆ ಚಟ್ಲಿ, ಕೊಂಕಣಿಯಲ್ಲಿ ಸುಂಗಟ. ಹೆಸರು ಏನೇ ಇರಲಿ, ಉಪ್ಪುನೀರಿನ ಮೀನಿಗೆ ಇದರಷ್ಟು ಇಷ್ಟದ ತಿಂಡಿ ಇನ್ನೊಂದಿಲ್ಲ. ಮನುಷ್ಯನಿಗೂ ಹಾಗೆಯೇ. ತಂಟೆ ಇರುವುದು ಅಲ್ಲೇ. ಸಿಗಡಿ ತುಂಡನ್ನು ಗಾಳಕ್ಕೆ ಕಟ್ಟಿ ನೀರಿಗೆ ಬಿಟ್ಟರೆ ಮೊದಲು ಬರುವುದು ಕೆಂಬೇರಿಯೂ ಅಲ್ಲ, ಕುರುಡಿಯೂ ಅಲ್ಲ. ಏಡಿ ಬರುತ್ತದೆ, ಬೆರಳುದ್ದದ ಪುಡಿ ಮೀನುಗಳು ಬರುತ್ತವೆ, ಹೊಟ್ಟೆ ಉಬ್ಬಿಸಿಕೊಳ್ಳುವ ಆ ಪೆದ್ದು ಮೀನು ಬರುತ್ತದೆ. ಎಲ್ಲ ಸೇರಿ ಸಿಗಡಿಯನ್ನು ನಾಜೂಕಾಗಿ ಬಿಡಿಸಿ ತಿಂದು ಬರೀ ಗಾಳವನ್ನು ವಾಪಸು ಕಳಿಸುತ್ತವೆ. ಮತ್ತೊಂದು ಸಿಗಡಿ ಕಟ್ಟು, ಮತ್ತೆ ಬರೀ ಗಾಳ. ಕತ್ತಲಾಗುವಾಗ ಚೀಲ ಖಾಲಿ, ಕಿಸೆಯೂ ಹಗುರ.

ಈ ಲೆಕ್ಕಾಚಾರಕ್ಕೆ ಒಂದು ಉಪಾಯ ಇದೆ. ತಿನ್ನಲು ಬಾರದ ಸಿಗಡಿಯನ್ನೇ ಕಟ್ಟುವುದು. ದಾರ, ಗರಿ, ತಂಗೂಸು, ಎರಡು ಮಣಿಯಿಂದ ಮಾಡಿದ ಹುಸಿ ಸಿಗಡಿ. ಇದಕ್ಕೆ ಬೇಕಾದ ಸಾಮಾನು ಪೇಟೆಯ ಒಂದೇ ಬೀದಿಯಲ್ಲಿ ಸಿಗುತ್ತದೆ ಎಂದರೆ ಅಂಗಡಿಯವರೇ ನಂಬಲಿಕ್ಕಿಲ್ಲ.

ನೊಣವಲ್ಲದ ನೊಣ

ಇಂಗ್ಲಿಷಿನವರು ಗಾಳಕ್ಕೆ ದಾರ-ಗರಿ ಸುತ್ತಿ ಮಾಡುವ ಇಂಥ ಹುಸಿ ತಿಂಡಿಗೆಲ್ಲ ಫ್ಲೈ ಎನ್ನುತ್ತಾರೆ. ಅಂದರೆ ನೊಣ. ಮೊದಮೊದಲು ಹೊಳೆಯ ಮೇಲೆ ಹಾರುವ ಹುಳುಗಳನ್ನು ನಕಲು ಮಾಡುತ್ತಿದ್ದರಿಂದ ಬಂದ ಹೆಸರು. ಆಮೇಲೆ ಮೀನಿನ ಮರಿ, ಏಡಿ, ಸಿಗಡಿ ಎಲ್ಲವನ್ನೂ ಕಟ್ಟಿದರೂ ಹೆಸರು ನೊಣ ಎಂದೇ ಉಳಿಯಿತು. ನೆಲಗಡಲೆಯ ಹೊಟ್ಟಣಕ್ಕೂ ಟೀ ಪುಡಿಯ ಹೊಟ್ಟಣಕ್ಕೂ ಒಂದೇ ಚೀಟಿ ಅಂಟಿಸಿದ ಹಾಗೆ.

ಈ ವಿದ್ಯೆಗೂ ಮಂಗಳೂರಿಗೂ ಒಂದು ಹಳೆಯ ನಂಟಿದೆ. ದಕ್ಷಿಣ ಕನ್ನಡ ಜಿಲ್ಲೆಗೆ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಎಂಬ ದೊರೆಗೆ ಗಾಳದ ಹುಚ್ಚು ವಿಪರೀತ. 1870ರಲ್ಲಿ ಈ ಜಿಲ್ಲೆಯ ಮೀನು ಸಾಕಣೆಯ ಮೇಲೆ ಒಂದು ವರದಿ ಬರೆದ. ಅಷ್ಟಕ್ಕೆ ಸುಮ್ಮನಾಗದೆ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದು 1873ರಲ್ಲಿ ಪ್ರಕಟಿಸಿದ. ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ! ಭಾರತದಲ್ಲಿ ಗಾಳ ಹಾಕುವವರು ಇವತ್ತಿಗೂ ದೊಡ್ಡ ಗ್ರಂಥ ಎಂದು ನೆನೆಯುವ ಪುಸ್ತಕ ಅದು. ಕಲೆಕ್ಟರ್ ಕಚೇರಿಯ ಕಡತಗಳ ನಡುವೆ ದೊರೆಗೆ ಇಷ್ಟು ಪುರುಸೊತ್ತು ಹೇಗೆ ಸಿಕ್ಕಿತೋ!

ಸಿಗಡಿಯ ನಕಲಿಗೆ ಹೆಸರು ಮಾಡಿದವನು ಇನ್ನೊಬ್ಬ ಇಂಗ್ಲಿಷಿನವ, ಎಸ್ಮಂಡ್ ಡ್ರೂರಿ. ಅಲ್ಲಿ ಕೆಲವು ಹೊಳೆಗಳಲ್ಲಿ ಸಾಲ್ಮನ್ ಮೀನಿಗೆ ನಿಜ ಸಿಗಡಿ ಕಟ್ಟಬಾರದು ಎಂಬ ಕಟ್ಟಳೆ. ಸಿಗಡಿ ಕಟ್ಟಿದವನಿಗೆ ಮೀನು ಸಲೀಸಾಗಿ ಸಿಗುತ್ತದೆ, ಉಳಿದವರಿಗೆ ಅನ್ಯಾಯ ಎಂಬ ತಕರಾರು. ಡ್ರೂರಿ 1953ರಲ್ಲಿ ಕಿತ್ತಳೆ ಬಣ್ಣದ ಗರಿಗಳಿಂದ ಸಿಗಡಿಯಂಥದ್ದೇ ಒಂದನ್ನು ಕಟ್ಟಿದ. ಹೆಸರಿಟ್ಟದ್ದು 'ಜನರಲ್ ಪ್ರಾಕ್ಟೀಷನರ್', ಅಂದರೆ ಊರ ಡಾಕ್ಟರು! ಕಟ್ಟಳೆ ಮುರಿಯಲಿಲ್ಲ, ಸಿಗಡಿಯೂ ಕಟ್ಟಿದಂತಾಯಿತು. ನಮ್ಮವರಿಗೂ ಇಂಥ ಬುದ್ಧಿ ಕಡಿಮೆಯೇನಿಲ್ಲ, ಆದರೆ ಅದು ಹೆಚ್ಚಾಗಿ ಸೇಲ್ಸ್‌ಟ್ಯಾಕ್ಸ್ ಕಡೆಗೇ ಹೋಯಿತು.

ಉಪ್ಪುನೀರಿನ ಕಥೆ ಬೇರೆ. ಬಹಾಮಾಸ್ ದ್ವೀಪಗಳ ಆಂಡ್ರೋಸ್‌ನಲ್ಲಿ ತೆಳು ನೀರಿನ ಬೋನ್‌ಫಿಶ್ ಹಿಡಿಯಲು ಕಟ್ಟಿದ ಒಂದು ಹುಸಿ ಸಿಗಡಿಗೆ ಟ್ಯಾಕ್ಸಿಯ ನೆಲಕ್ಕೆ ಹಾಸಿದ ಕಾರ್ಪೆಟ್ಟಿನ ಎಳೆಯನ್ನೇ ಕಿತ್ತು ಬಳಸಿದರಂತೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಹೋಟೆಲು ನಡೆಸುತ್ತಿದ್ದ ಬಾಬ್ ಪೊಪೊವಿಕ್ಸ್ ಎಂಬಾತ ನೈಲಾನ್ ಕೂದಲಿನಂಥ ಎಳೆಗಳ ಮೇಲೆ ಎಪಾಕ್ಸಿ ಅಂಟು ಎರೆದು ಗಾಜಿನಂತೆ ಹೊಳೆಯುವ ಸಿಗಡಿ ಮಾಡಿ ತೋರಿಸಿದ. ಹೋಟೆಲಿನವರು ಗಲ್ಲೆ ಬಿಟ್ಟು ಏನೂ ಮಾಡಲಾರರು ಎನ್ನುವವರು ಇದನ್ನು ಗಮನಿಸಬೇಕು. ಕಾರ್ಪೆಟ್ಟು, ಅಂಟು, ಕೂದಲು. ಎಲ್ಲೂ ಬಂಗಾರದ ಸಾಮಾನು ಬಂದಿಲ್ಲ.

ಒಂದೇ ಬೀದಿಯ ಸಾಮಾನು

ಕೋಳಿ ಅಂಗಡಿಯಿಂದ ಹುಂಜದ ಕುತ್ತಿಗೆಯ ಗರಿ ನಾಲ್ಕು. ಕೇಳಿದರೆ ಪುಕ್ಕಟೆ ಕೊಡುತ್ತಾರೆ, ಏಕೆ ಎಂದು ಮಾತ್ರ ಖಂಡಿತ ಕೇಳುತ್ತಾರೆ. ಫ್ಯಾನ್ಸಿ ಸ್ಟೋರಿನಿಂದ ಬಣ್ಣವಿಲ್ಲದ ನೈಲ್ ಪಾಲಿಶ್, ತೆಳು ಜರಿ ಎಳೆ, ಚಿಕ್ಕ ಲೋಹದ ಮಣಿ. ದರ್ಜಿ ಸಾಮಾನಿನ ಅಂಗಡಿಯಿಂದ ಗಟ್ಟಿ ಪಾಲಿಯೆಸ್ಟರ್ ದಾರ, ಮಾಸಲು ಬಿಳಿ ಉಣ್ಣೆ. ಫ್ಯಾನ್ ರಿವೈಂಡಿಂಗ್ ಮಾಡುವವನ ಹತ್ತಿರ ಕೂದಲೆಳೆಯ ತಾಮ್ರದ ತಂತಿ ಒಂದು ಮೊಳ. ಬಣ್ಣದ ಅಂಗಡಿಯ ನೈಲಾನ್ ಬ್ರಶ್ಶಿನ ಎರಡು ಎಳೆ. ಒಂದು ಪಾರದರ್ಶಕ ಪ್ಲಾಸ್ಟಿಕ್ ಕೊಟ್ಟೆ. ಗಾಳ ಮಾತ್ರ ಒಳ್ಳೆಯದೇ ಬೇಕು. ಸ್ಟೀಲಿನದೋ ತವರದ ಲೇಪದ್ದೋ ಆಗಿರಬೇಕು. ಸಿಹಿನೀರಿನ ಸಾದಾ ಗಾಳ ತಂದರೆ ಉಪ್ಪಿಗೆ ಒಂದೇ ವಾರದಲ್ಲಿ ತುಕ್ಕು ಹಿಡಿದು ಇಡೀ ಶ್ರಮ ಮಣ್ಣು.

ಇನ್ನು ಕಟ್ಟುವ ಕ್ರಮ. ಇಲ್ಲಿಯೇ ಹೊಸಬರು ಎಡವುವುದು. ಗಾಳದ ತೂತು ಇರುವ ಕಡೆ ಸಿಗಡಿಯ ತಲೆ, ಬಾಗಿದ ಕಡೆ ಬಾಲ ಎಂದು ಎಲ್ಲರೂ ಎಣಿಸುತ್ತಾರೆ. ಅದು ಉಲ್ಟಾ. ಹೆದರಿದ ಸಿಗಡಿ ಮುಂದಕ್ಕೆ ಓಡುವುದಿಲ್ಲ. ಬಾಲವನ್ನು ಹೊಟ್ಟೆಯಡಿಗೆ ಫಟ್ಟೆಂದು ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ದಾರ ಎಳೆದಾಗ ನಕಲೂ ಹಿಂದಕ್ಕೆ ಚಿಮ್ಮಬೇಕಾದರೆ ಬಾಲ ತೂತಿನ ಕಡೆಗೂ ಮೀಸೆ, ಕಣ್ಣು ಇರುವ ತಲೆ ಬಾಗಿದ ಕಡೆಗೂ ಬರಬೇಕು. ಇಷ್ಟು ತಿಳಿದರೆ ಅರ್ಧ ವಿದ್ಯೆ ಕೈಗೆ ಬಂದಂತೆ.

ಗಾಳವನ್ನು ಚಿಕ್ಕ ವೈಸಿಗೆ ಕಚ್ಚಿಸಿ ದಾರವನ್ನು ತೂತಿನ ಹತ್ತಿರದಿಂದ ಬಾಗಿನವರೆಗೆ ಒತ್ತಾಗಿ ಸುತ್ತುತ್ತಾರೆ. ಬಾಗಿನ ಹತ್ತಿರ ಮೊದಲು ಮೀಸೆ: ಬ್ರಶ್ಶಿನ ಎರಡು ಎಳೆ, ಮೈಯ ಎರಡರಷ್ಟು ಉದ್ದ. ಆಮೇಲೆ ಕಣ್ಣು. ದಪ್ಪ ತಂಗೂಸಿನ ತುಂಡಿನ ತುದಿಯನ್ನು ಮೇಣದ ಬತ್ತಿಯ ಬದಿಗೆ ಹಿಡಿದರೆ ಅದು ಕರಗಿ ತಾನಾಗಿಯೇ ಗುಂಡಗಾಗುತ್ತದೆ. ಅದಕ್ಕೆ ಕಪ್ಪು ನೈಲ್ ಪಾಲಿಶ್ ಮುಟ್ಟಿಸಿದರೆ ಕೋಲಿನ ತುದಿಯಲ್ಲಿ ಕೂತ ಸಿಗಡಿ ಕಣ್ಣು ತಯಾರು. ಎರಡನ್ನು ಎರಡು ಬದಿಗೆ ಕಟ್ಟಬೇಕು. ಮೈಗೆ ಉಣ್ಣೆ ಸುತ್ತಿ ಅದರ ಮೇಲೆ ಹುಂಜದ ಗರಿಯನ್ನು ಅಂತರ ಬಿಟ್ಟು ಸುತ್ತಿದರೆ ಎಳೆಗಳೆಲ್ಲ ಕಾಲಿನ ಹಾಗೆ ಚಾಚಿಕೊಳ್ಳುತ್ತವೆ. ಬೆನ್ನ ಕಡೆ ಚಾಚಿದ ಎಳೆಗಳನ್ನು ಕತ್ತರಿಸಿ ಅಲ್ಲಿ ಪ್ಲಾಸ್ಟಿಕ್ ಕೊಟ್ಟೆಯ ಪಟ್ಟಿಯನ್ನು ಚಿಪ್ಪಿನ ಹಾಗೆ ಹಾಸಿ ತಾಮ್ರದ ತಂತಿಯಿಂದ ಸುತ್ತಿ ಬಿಗಿಯಬೇಕು. ಹಿಂಭಾಗಕ್ಕೆ ತಂತಿಯ ಆರು ಸುತ್ತು ಬಂದರೆ ಬಹಳ ಚಂದ. ಸಿಗಡಿಯ ಹೊಟ್ಟೆಗೂ ಆರೇ ಗಂಟು. ಮೀನು ಎಣಿಸುತ್ತದೆ ಎಂದಲ್ಲ. ಆದರೆ ಕಟ್ಟಿದವನ ಮನಸ್ಸಿಗೆ ಸಮಾಧಾನ.

ಕೊನೆಗೆ ತೂತಿನ ಹತ್ತಿರ, ಗಾಳದ ಕೊಕ್ಕೆಯಿಲ್ಲದ ಬದಿಗೆ, ಲೋಹದ ಮಣಿ ಜೋಡಿ. ಇದು ಅಲಂಕಾರಕ್ಕಲ್ಲ. ಮಣಿಯ ಭಾರಕ್ಕೆ ಗಾಳ ನೀರಿನಲ್ಲಿ ಮಗುಚಿ ಮೊನೆ ಮೇಲಾಗಿ ನಿಲ್ಲುತ್ತದೆ. ಅಡಿಯ ಕಲ್ಲಿಗೋ ಕಾಂಡ್ಲದ ಬೇರಿಗೋ ಸಿಕ್ಕಿಬೀಳುವುದು ಕಡಿಮೆ. ಅದಕ್ಕೇ ಚಿಪ್ಪಿನ ಪಟ್ಟಿಯನ್ನು ಮೊನೆಯ ಬದಿಗೂ ಕಾಲನ್ನು ಮಣಿಯ ಬದಿಗೂ ಬರುವಂತೆ ಕಟ್ಟುವುದು ಜಾಣತನ. ಮಗುಚಿದ ಮೇಲೆ ಬೆನ್ನು ಮೇಲೆ, ಕಾಲು ಕೆಳಗೆ ಆಗುತ್ತದೆ. ದಾರದ ಗಂಟಿಗೆ ಎರಡು ಕೈ ನೈಲ್ ಪಾಲಿಶ್. ಇನ್ನೂ ಗಟ್ಟಿ ಬೇಕೆಂದರೆ ಬೆನ್ನಿಗೆ ಅರಾಲ್ಡೈಟ್. ಕಲಿತ ಕೈಗೆ ಅರ್ಧ ಗಂಟೆ, ಕಲಿಯದ ಕೈಗೆ ಒಂದು ಭಾನುವಾರ.

ಬೆಂದ ಸಿಗಡಿಯ ಭ್ರಮೆ

ಹೊಸಬರು ಕಟ್ಟುವ ಮೊದಲ ಸಿಗಡಿ ಕೆಂಪಗಿರುತ್ತದೆ. ಏಕೆಂದರೆ ಅವರು ಸಿಗಡಿಯನ್ನು ನೋಡಿರುವುದು ಬಟ್ಟಲಿನಲ್ಲಿ! ಜೀವಂತ ಸಿಗಡಿ ಕೆಂಪಗಿರುವುದಿಲ್ಲ. ಬೂದು, ತೆಳು ಹಸಿರು, ಕೆಲವು ಸಲ ಆಚೆ ಕಾಣುವಷ್ಟು ಗಾಜಿನಂಥದ್ದು. ಅದರ ಚಿಪ್ಪಿನಲ್ಲಿ ಕೆಂಪು ಬಣ್ಣ ಇರುವುದೇನೋ ನಿಜ, ಆದರೆ ಅದು ಪ್ರೋಟೀನಿನೊಳಗೆ ಬಂಧಿಯಾಗಿರುತ್ತದೆ. ಬಿಸಿ ತಾಗಿದಾಗ ಪ್ರೋಟೀನು ಸಡಿಲಾಗಿ ಕೆಂಪು ಹೊರಗೆ ಬೀಳುತ್ತದೆ. ಹಾಗಾಗಿ ಮಾಸಲು ಬಿಳಿ, ಮಣ್ಣು ಬಣ್ಣ, ತೆಳು ಹಸಿರು. ಮೂರು ಬಣ್ಣದಲ್ಲಿ ಎರಡೆರಡು ಕಟ್ಟಿಟ್ಟುಕೊಂಡರೆ ಸಾಕು. ಡ್ರೂರಿಯ ಡಾಕ್ಟರು ಕಿತ್ತಳೆ ಬಣ್ಣದವನಲ್ಲವೇ ಎಂದರೆ, ಹೌದು. ಆದರೆ ಹೊಳೆಗೆ ಬಂದ ಸಾಲ್ಮನ್ ಹಸಿವಿಗೆ ತಿನ್ನುವುದೇ ಇಲ್ಲ. ಅದು ಕಚ್ಚುವುದು ಸಿಟ್ಟಿಗೋ ಹಳೆಯ ಕಡಲಿನ ನೆನಪಿಗೋ ಎಂದು ಅಲ್ಲಿಯವರೇ ಇನ್ನೂ ವಾದ ಮಾಡುತ್ತಾರೆ. ಅಳಿವೆಯ ಕೆಂಬೇರಿ ಅಂಥ ನೆನಪಿನ ಅಸಾಮಿ ಅಲ್ಲ. ಅದಕ್ಕೆ ಹೊಟ್ಟೆ ಒಂದೇ ಗೊತ್ತು.

ಇಳಿತದ ಹೊತ್ತು

ಅಳಿವೆಯಲ್ಲಿ ಭರತ ಇಳಿಯುವಾಗ ಕಾಂಡ್ಲದ ಬುಡ, ಗದ್ದೆ ಬದಿಯ ತೋಡು ಎಲ್ಲದರಿಂದ ನೀರು ಹೊರಗೆ ಹರಿಯುತ್ತದೆ. ಅದರ ಜತೆ ಸಿಗಡಿಯೂ ಹೊರಗೆ ಬರುತ್ತದೆ. ದೊಡ್ಡ ಮೀನು ತೋಡಿನ ಬಾಯಲ್ಲಿ, ಸೇತುವೆ ಕಂಬದ ಮರೆಯಲ್ಲಿ, ತಡೆಗೋಡೆಯ ಕಲ್ಲಿನ ಸಂದಿಯಲ್ಲಿ ಬಾಯಿ ತೆರೆದು ಕಾಯುತ್ತದೆ. ಬಸ್‌ಸ್ಟ್ಯಾಂಡಿನ ಬಾಗಿಲಲ್ಲಿ ನಿಂತ ಆಟೋದವರ ಹಾಗೆ. ಹುಸಿ ಸಿಗಡಿಯನ್ನು ಹರಿವಿನ ಮೇಲ್ಬದಿಗೆ ಎಸೆದು, ಮುಳುಗಲು ಬಿಟ್ಟು, ಒಂದು ಗೇಣು ಮೆಲ್ಲಗೆ ಎಳೆಯಬೇಕು. ನಿಲ್ಲಬೇಕು. ಒಂದು ಜರ್ಕು. ಮತ್ತೆ ನಿಲ್ಲಬೇಕು. ಬಹಳ ಸಲ ಮೀನು ಹಿಡಿಯುವುದು ಎಳೆಯುವಾಗಲ್ಲ, ನಿಲ್ಲಿಸಿದಾಗ ಅದು ಕೆಳಗಿಳಿಯುವ ಹೊತ್ತಿನಲ್ಲಿ. ಗಡಿಬಿಡಿಯಲ್ಲಿ ಸುತ್ತುವವನಿಗೆ ಏನೂ ಸಿಗುವುದಿಲ್ಲ. ನಕಲು ಎಷ್ಟೇ ಚಂದ ಇರಲಿ, ನಡಿಗೆ ಸರಿಯಿಲ್ಲದಿದ್ದರೆ ಮೀನಿನ ಲೆಕ್ಕಕ್ಕೆ ಅದು ಕಸ.

ಇದಕ್ಕೆಂದೇ ಇರುವ ಫ್ಲೈ ರಾಡಿಗೆ ದುಡ್ಡು ಬಹಳ. ಅದರಲ್ಲಿ ಭಾರ ಇರುವುದು ಗಾಳದಲ್ಲಲ್ಲ, ದಪ್ಪ ದಾರದಲ್ಲೇ. ಆ ದಾರವನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆಯಬೇಕು. ಹಿಂದಕ್ಕೆ ಮೂವತ್ತು ಅಡಿ! ಹೆದ್ದಾರಿ ಸೇತುವೆಯ ಮೇಲೆ ಈ ಸರ್ಕಸ್ಸು ಮಾಡಿದರೆ ಗಾಳಕ್ಕೆ ಸಿಗುವುದು ಕೆಂಬೇರಿಯಲ್ಲ, ಬಸ್ಸಿನ ಕಿಟಕಿಗೆ ಒರಗಿ ನಿದ್ದೆ ಹೋದವರ ಕಿವಿ. ರಾಡಿಲ್ಲದವರಿಗೆ ಸುಲಭದ ದಾರಿ ಇದೆ. ಸಾದಾ ರೀಲಿನ ದಾರಕ್ಕೆ ಬೆಂಡು ಕಟ್ಟಿ ಅದರ ಕೆಳಗೆ ಎರಡು ಮಾರು ತಂಗೂಸು ಬಿಟ್ಟು ಹುಸಿ ಸಿಗಡಿ ಕಟ್ಟುವುದು. ಹರಿವೇ ಅದನ್ನು ಒಯ್ಯುತ್ತದೆ, ನಡುನಡುವೆ ಒಂದು ಜರ್ಕು ಕೊಟ್ಟರಾಯಿತು. ಶಾಸ್ತ್ರ ತಿಳಿದವರು ಮೂಗು ಮುರಿಯಬಹುದು. ಸಾರಿಗೆ ಶಾಸ್ತ್ರ ಬೇಕಿಲ್ಲ.

ಕೆಂಬೇರಿ ಕಚ್ಚಿದೊಡನೆ ಬಂದ ಸಂದಿಗೇ ವಾಪಸು ನುಗ್ಗುತ್ತದೆ. ಆಗ ದಾರ ಬಿಟ್ಟುಕೊಟ್ಟರೆ ಮುಗಿಯಿತು. ಕುರುಡಿ ಹಾಗಲ್ಲ, ನೀರು ಸಮೇತ ಹೀರಿಕೊಳ್ಳುತ್ತದೆ. ರಾತ್ರಿಯಾದರೆ 'ಟೊಪ್' ಎಂಬ ಸದ್ದು ದಡಕ್ಕೆ ಕೇಳುತ್ತದೆ. ಅದರ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ. ತಂಗೂಸೂ ಕತ್ತರಿಸಬಹುದು, ಬೆರಳೂ ಕತ್ತರಿಸಬಹುದು.

ನಿಜ ಸಿಗಡಿ ಅಷ್ಟು ಮುಗ್ಧವಲ್ಲ

ಕಿಸೆಯ ಮಾತಾಯಿತು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಸಿಗಡಿ ಮೊಟ್ಟೆ ಇಡುವುದು ಕಡಲಿನಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ನೀರಿನ ಜತೆ ತೇಲಿ ಅಳಿವೆಗೆ ಬಂದು ಕಾಂಡ್ಲದ ಬುಡದಲ್ಲಿ ಕೆಲವು ತಿಂಗಳು ಬೆಳೆದು ಮತ್ತೆ ಕಡಲಿಗೆ ಹೋಗಿ ಮೊಟ್ಟೆ ಇಡುತ್ತವೆ. ಗಾಳಕ್ಕೆಂದು ಅಳಿವೆಯಲ್ಲಿ ಸಣ್ಣ ಬಲೆ ಬೀಸಿ ಹಿಡಿಯುವ ಬೆರಳುದ್ದದ ಜೀವಂತ ಸಿಗಡಿ ಎಂದರೆ ಇನ್ನೂ ಒಮ್ಮೆಯೂ ಮೊಟ್ಟೆ ಇಡದ ಸಿಗಡಿ. ಒಬ್ಬ ಹಿಡಿದರೆ ಏನೂ ಅಲ್ಲ. ದಡದುದ್ದಕ್ಕೂ ಹಿಡಿದರೆ?

ಮತ್ತೆ ರೋಗದ ಕಥೆ. ಸಿಗಡಿಯ ಬಿಳಿ ಚುಕ್ಕೆ ರೋಗ ಮನುಷ್ಯನಿಗೆ ಏನೂ ಮಾಡುವುದಿಲ್ಲ. ಆದರೆ ಸಿಗಡಿ ಕೊಳಕ್ಕೆ ಬಂತೆಂದರೆ ಕೆಲವೇ ದಿನಗಳಲ್ಲಿ ಕೊಳ ಖಾಲಿ. 1994-95ರಲ್ಲಿ ಭಾರತದ ಕರಾವಳಿಗೆ ಬಂದು ಸಾಲ ಮಾಡಿ ಕೊಳ ತೋಡಿದವರನ್ನು ಬೀದಿಗೆ ನಿಲ್ಲಿಸಿದ ರೋಗ ಇದು. ಮಂಜುಗಡ್ಡೆಯಲ್ಲಿಟ್ಟರೂ ವೈರಸ್ಸು ಸಾಯುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2016ರ ಕೊನೆಗೆ ಲೋಗನ್ ಹೊಳೆಯ ದಡದ ಸಿಗಡಿ ಕೊಳಗಳಲ್ಲಿ ಇದು ಕಾಣಿಸಿಕೊಂಡಿತು. 2017ರಲ್ಲಿ ಹತ್ತಿರದ ಮೋರ್ಟನ್ ಕೊಲ್ಲಿಯ ಕಾಡು ಸಿಗಡಿಯಲ್ಲೂ ಸಿಕ್ಕಿತು. ಹೊರದೇಶದಿಂದ ತಿನ್ನಲು ತರಿಸಿದ ಹಸಿ ಸಿಗಡಿಯನ್ನು ಜನ ಅಂಗಡಿಯಲ್ಲಿ ಕೊಂಡು ಗಾಳಕ್ಕೆ ಕಟ್ಟುತ್ತಿದ್ದದ್ದರ ಮೇಲೆಯೂ ಸಂಶಯ ಬಂತು. ಮೂಲ ಯಾವುದೆಂದು ಕೊನೆಗೂ ಖಚಿತವಾಗಲಿಲ್ಲ. ಆದರೆ ಸರ್ಕಾರ ಹಸಿ ಸಿಗಡಿಯ ಆಮದನ್ನು 2017ರಲ್ಲಿ ಕೆಲವು ತಿಂಗಳು ನಿಲ್ಲಿಸಿತು, ಆ ಪ್ರದೇಶದ ಹಸಿ ಸಿಗಡಿಯನ್ನು ಹೊರಗೆ ಒಯ್ಯಬಾರದೆಂದು ಗಡಿ ಹಾಕಿತು, ಅಂಗಡಿಯ ಸಿಗಡಿಯನ್ನು ಗಾಳಕ್ಕೆ ಕಟ್ಟಬೇಡಿ ಎಂದು ಜನರಿಗೆ ಸಾರಿ ಹೇಳಿತು. ನಮ್ಮಲ್ಲಿಯೂ ಕೊಳದಲ್ಲಿ ಸತ್ತ ಸಿಗಡಿಯನ್ನು "ಗಾಳಕ್ಕಾದರೂ ಆಯಿತು" ಎಂದು ತಂದು ಅಳಿವೆಗೆ ಹಾಕುವುದು ಅಪಾಯದ ಕೆಲಸ. ಅಳಿವೆಯ ನೀರೇ ಭರತದಲ್ಲಿ ಪಕ್ಕದ ಕೊಳಕ್ಕೆ ಹೋಗುವುದು. ಕೋಳಿ ಗರಿಗೆ ಈ ರೋಗ ಬರುವುದಿಲ್ಲ.

ಇನ್ನೊಂದು ಲಾಭ ಮರಿ ಮೀನಿಗೆ. ನಿಜ ಸಿಗಡಿಯನ್ನು ಮೀನು ನಿಧಾನಕ್ಕೆ ನುಂಗುತ್ತದೆ, ಗಾಳ ಹೊಟ್ಟೆಯವರೆಗೆ ಇಳಿಯುತ್ತದೆ. ಅಂಥ ಮೀನನ್ನು ಬಿಟ್ಟರೂ ಬದುಕುವುದು ಕಷ್ಟ. ಹುಸಿ ಸಿಗಡಿ ಹೆಚ್ಚಾಗಿ ತುಟಿಗೇ ಸಿಗುತ್ತದೆ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿಟ್ಟರೆ ಬಂದ ದಾರಿಯಲ್ಲೇ ಹೊರಗೆ ಬರುತ್ತದೆ, ಮೀನಿನ ತುಟಿಯಿಂದಲೂ ಹಿಡಿದವನ ಬೆರಳಿನಿಂದಲೂ. ಅಳಿವೆಯಲ್ಲಿ ಸಿಗುವ ಸಣ್ಣ ಕೆಂಬೇರಿ ಕಡಲಿಗೆ ಹೋಗಿ ದೊಡ್ಡದಾಗಬೇಕಾದ ಮರಿ. ಕುರುಡಿಯ ಸಂಗತಿ ಇನ್ನೂ ವಿಚಿತ್ರ. ಮೊದಲು ಗಂಡಾಗಿದ್ದು ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು ಅದು. ತಕ್ಕಡಿಯನ್ನು ಬಗ್ಗಿಸುವ ಮಹಾ ಕುರುಡಿಯೆಲ್ಲ ತಾಯಂದಿರೇ.

ಕೈಕೊಡುವ ಕಾಲ

ಹಾಗೆಂದು ಹುಸಿ ಸಿಗಡಿಯನ್ನು ವಿಪರೀತ ಹೊಗಳುವುದೂ ಸರಿಯಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಮಾರ್ಕೆಟಿನಲ್ಲಿ ಸಿಗಡಿ ಕಡಿಮೆ, ಕ್ರಯ ಆಕಾಶಕ್ಕೆ. ದುಡ್ಡು ಉಳಿಸಲು ಹುಸಿ ಸಿಗಡಿ ಬೇಕೇ ಬೇಕು ಎನ್ನುವ ಹೊತ್ತು. ಆದರೆ ಆಗಲೇ ಅದು ಕೈಕೊಡುವುದು! ಘಟ್ಟದಿಂದ ಇಳಿದ ಕೆಂಪು ನೀರಿನಲ್ಲಿ ಮೀನಿಗೆ ಗೇಣು ದೂರ ಕಾಣುವುದಿಲ್ಲ. ಅದು ವಾಸನೆಯನ್ನೂ ನೀರಿನ ಅಲುಗಾಟವನ್ನೂ ನಂಬುತ್ತದೆ. ಗರಿಗೆ ವಾಸನೆ ಎಲ್ಲಿಂದ ಬರಬೇಕು? ಆ ಎರಡು ತಿಂಗಳು ತಡೆಗೋಡೆಯ ಪಾಚಿ ಹಿಡಿದ ಕಲ್ಲಿನ ಮೇಲೆ ನಿಲ್ಲುವುದೂ ಬೇಡ, ಅಲೆ ಹೇಳಿ ಬರುವುದಿಲ್ಲ. ಮಳೆ ನಿಂತು ನೀರು ತಿಳಿಯಾದ ಮೇಲೆ, ಅಕ್ಟೋಬರಿನಿಂದ ಮೇ ತಿಂಗಳವರೆಗೆ ಇದರ ಕಾಲ.

ಮನೆಗೆ ಬಂದ ಮೇಲೆ ನಲ್ಲಿ ನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಡಬ್ಬಿಗೆ ಹಾಕಬೇಕು. ಒದ್ದೆಯಾಗಿಯೇ ಇಟ್ಟರೆ ಒಂದರ ತುಕ್ಕು ಹತ್ತಕ್ಕೆ. ಚೆನ್ನಾಗಿ ಕಟ್ಟಿದ್ದು ಹತ್ತಾರು ಮೀನಿಗೆ ತಾಳುತ್ತದೆ, ಆ ಹೊಟ್ಟೆ ಉಬ್ಬಿಸುವ ಮೀನು ಮಾತ್ರ ಸಿಗಬಾರದು. ಅದರ ಹಲ್ಲಿಗೆ ಮೀಸೆ, ಕಣ್ಣು, ಚಿಪ್ಪು ಎಲ್ಲ ಒಂದೇ ಕಚ್ಚಿಗೆ. ಮರುದಿನ ಮತ್ತೆ ಕೋಳಿ ಅಂಗಡಿ, ಮತ್ತೆ ಅದೇ ಪ್ರಶ್ನೆ: "ಗರಿ ಎಂತಕ್ಕೆ ಮಾರಾಯ್ರೆ?"